ಚೌತಿ ಹಬ್ಬವನ್ನು ಹಗುರ ಮಾಡಿಕೊಳ್ಳುವುದು ಹೇಗೆ: ನಮ್ಮ ಮನೆಯಲ್ಲಿ ನಾವು ಮಾಡಿದ್ದು

ನಮ್ಮ ಮನೆ ಇರುವುದು ಸಾಗರ ಮತ್ತು ಹೊಸನಗರದ ನಡುವಿನ ಒಂದು ಹಳ್ಳಿಯಲ್ಲಿ. ಅಡಿಕೆ ತೋಟ, ಒಂದಿಷ್ಟು ಗದ್ದೆ, ಹಳೇ ಮನೆ. ಇಂಥ ಮನೆಗಳಲ್ಲಿ ಗೌರಿ ಹಬ್ಬ, ಚೌತಿ ಅಂದರೆ ಹದಿನೈದು ದಿನದ ಕೆಲಸ. ಮಕ್ಕಳು ಊರು ಬಿಟ್ಟಿದ್ದಾರೆ, ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಕೆಲಸ ಮಾತ್ರ ಹಾಗೇ ಉಳಿದಿದೆ. ನಿಮ್ಮ ಮನೆಯಲ್ಲೂ ಹಾಗೇ ಇದ್ದರೆ ಇದನ್ನು ಓದಿ.

ಮೊದಲು ನಮ್ಮ ಕಥೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಏನು ಬಿಡಬೇಕು ಏನು ಉಳಿಸಬೇಕು ಅನ್ನುವುದು ನನಗೆ ತಿಳಿದಿದ್ದೇ ಅದರಿಂದ. ನಮ್ಮ ಅತ್ತೆ 2022ರ ಕೊನೆಯಲ್ಲಿ ತೀರಿಕೊಂಡರು. ವರ್ಷದ ಒಳಗೆ ಮನೆಯಲ್ಲಿ ಹಬ್ಬ ಇಲ್ಲ, ಹಾಗಾಗಿ 2023ರ ಚೌತಿಗೆ ನಾವು ಏನೂ ಮಾಡಲಿಲ್ಲ. ನಾನು ಮದುವೆಯಾಗಿ ಬಂದ ಮೇಲೆ ಒಲೆಯ ಮೇಲೆ ಎಣ್ಣೆ ಬಾಣಲೆ ಏರದ ಮೊದಲ ಚೌತಿ ಅದು. ಹೊರಗೆ ಜಿಟಿಜಿಟಿ ಮಳೆ, ಪಕ್ಕದ ಮನೆಯಿಂದ ಜಾಗಟೆ ಸದ್ದು, ನಾವು ಜಗುಲಿಯಲ್ಲಿ ಸುಮ್ನೆ ಕೂತಿದ್ದೆವು. ಆಗ ಮಗಳು ಫೋನ್ ಮಾಡಿ, "ಅಮ್ಮ, ಚಕ್ಕುಲಿ ಸುತ್ತುವ ದಿನ ನೆನಪಾಗ್ತಿದೆ" ಅಂದಳು. ಅತ್ರಾಸ ನೆನಪಾಗುತ್ತಿದೆ ಅನ್ನಲಿಲ್ಲ, ಪಾಯಸ ಅನ್ನಲಿಲ್ಲ. ಚಕ್ಕುಲಿ ಅಂತಲೂ ಅನ್ನಲಿಲ್ಲ ನೋಡಿ. ಚಕ್ಕುಲಿ ಸುತ್ತುವ ದಿನ ಅಂದಳು.

ಮರುವರ್ಷ ನಾನು ಅದನ್ನು ಮರೆತೆ. 2024ರಲ್ಲಿ ಚೌತಿ ಸೆಪ್ಟೆಂಬರ್ 7, ಶನಿವಾರ ಬಂದಿತ್ತು. ಅತ್ತೆ ಇಲ್ಲದೆ ಮಾಡುವ ಮೊದಲ ಹಬ್ಬ, ಅವರು ಮಾಡುತ್ತಿದ್ದ ಒಂದೂ ಬಿಡಬಾರದು ಅಂತ ಹಟ ಹಿಡಿದೆ. ಕಾಯಿಕಡುಬು, ಮೋದಕ, ಅತ್ರಾಸ, ಕರ್ಜಿಕಾಯಿ, ಎಳ್ಳುಂಡೆ ಎಲ್ಲ ಸೇರಿಸಿ 21 ಬಗೆ ಆಗಬೇಕು ಅಂತ ಪಟ್ಟಿ ಬರೆದೆ. ಅದೇ ವಾರ ಮಳೆ ಬಿಟ್ಟು ಹೊಳವಾಯಿತು. ಹೊಳವಾದರೆ ತೋಟಕ್ಕೆ ಅಡಿಕೆ ಕೊಳೆರೋಗದ ಔಷಧಿ ಹೊಡೆಯಲೇಬೇಕು, ಆ ಬೋರ್ಡೋ ದ್ರಾವಣಕ್ಕೆ ಹಬ್ಬ ಗೊತ್ತಿಲ್ಲ. ಮೊದಲ ಸಲ ಹೊಡೆದು 40-45 ದಿನಕ್ಕೆ ಮತ್ತೆ ಹೊಡೆಯದಿದ್ದರೆ ಕಾಯಿ ಉದುರುತ್ತದೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಬಂದೇ ಬಿಟ್ಟರು, ಎಂಟು ಜನರ ಊಟ, ತಿಂಡಿ, ಎರಡು ಹೊತ್ತು ಕಾಫಿ, ಅದರ ಮಧ್ಯೆ ನನ್ನ 21 ಬಗೆ. ಮಕ್ಕಳು ಬೆಂಗಳೂರಿನಿಂದ ತಾಳಗುಪ್ಪ ರೈಲಿನಲ್ಲಿ ಬೆಳಗಿನ ಜಾವ ಬಂದಿಳಿದರೆ ನಾನು ಅಡುಗೆಮನೆಯಿಂದ ಹೊರಗೆ ಬಂದು ಮುಖ ನೋಡಿ ಮಾತಾಡಲೂ ಆಗಲಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ನಾನು ಹಿತ್ತಲಿನ ಕಟ್ಟೆ ಮೇಲೆ ಕೂತು ಕಣ್ಣೀರು ಹಾಕಿದೆ. ಅತ್ತೆಯವರ ನೆನಪಿಗೆ ಅಂತ ಮಾಡಿದ ಹಬ್ಬದಲ್ಲಿ ಅವರನ್ನು ನೆನೆಸಿಕೊಳ್ಳುವಷ್ಟು ಹೊತ್ತೂ ನನಗೆ ಸಿಕ್ಕಿರಲಿಲ್ಲ.

ಹಾಗಾಗಿ ನನ್ನ ಮೊದಲ ಸಲಹೆ: ಅಡುಗೆ ಪಟ್ಟಿಯಿಂದ ಶುರು ಮಾಡಬೇಡಿ. ಮನೆಯ ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳಿ, ಹಬ್ಬವೇ ಇಲ್ಲದಿದ್ದರೆ ನಿನಗೆ ಯಾವುದು ಇಲ್ಲ ಅನ್ನಿಸುತ್ತದೆ? ಹಬ್ಬದ ಹಿಂದಿನ ವಾರ ಕೇಳಬೇಡಿ, ಆಗ ಎಲ್ಲರೂ "ಎಲ್ಲಾ ಬೇಕು" ಅನ್ನುತ್ತಾರೆ. ಆಷಾಢದಲ್ಲಿ ಕೇಳಿ, ಮಳೆ ಹಿಡಿದು ಹೊರಗೆ ಹೋಗಲು ಆಗದಿದ್ದಾಗ, ಹಪ್ಪಳ ಸುಟ್ಟುಕೊಂಡು ಕೂತಾಗ.

ನಮ್ಮಲ್ಲಿ ಬಂದ ಉತ್ತರ ಹೀಗಿತ್ತು. ಮಗಳಿಗೆ ಚಕ್ಕುಲಿ ಸುತ್ತುವ ದಿನ. ಮಗನಿಗೆ ಬೆಳಿಗ್ಗೆ ಒದ್ದೆ ಅಂಗಳದಲ್ಲಿ ಗರಿಕೆ ಕೊಯ್ಯುವುದು. ನಮ್ಮನೆಯವರಿಗೆ ಮಂಟಪಕ್ಕೆ ಫಲಾವಳಿ ಕಟ್ಟುವುದು, ಸೌತೆಕಾಯಿ, ಮಾದಲಕಾಯಿ, ಹಸಿ ಅಡಿಕೆ ಗೊನೆ, ಬೇಲಿಯಲ್ಲಿ ಬಿಟ್ಟ ಗೌರಿ ಹೂವು. ಮಾವನಿಗೆ ರಾತ್ರಿ ಮಕ್ಕಳನ್ನು ಕೂರಿಸಿಕೊಂಡು ಶ್ಯಮಂತಕ ಮಣಿಯ ಕಥೆ ಹೇಳುವುದು. ಚೌತಿ ಚಂದ್ರನನ್ನು ನೋಡಿದವರ ಅಪವಾದ ಹೋಗಲಿ ಅಂತ ಹೇಳುವ ಕಥೆ ಅದು, ಆದರೆ ನಮ್ಮಲ್ಲಿ ಆ ಹೊತ್ತಿಗೆ ಮೋಡ ಮುಸುಕಿ ಚಂದ್ರ ಕಾಣುವುದೇ ಅಪರೂಪ, ಕಥೆ ಮಾತ್ರ ತಪ್ಪುವುದಿಲ್ಲ. ನನಗೆ? ಪಕ್ಕದ ಮನೆ ಮಕ್ಕಳು ಗಣಪತಿ ನೋಡಲಿಕ್ಕೆ ಅಂತ ಕೊಡೆ ಹಿಡಿದು ಬರುವುದು.

ಈ ಪಟ್ಟಿಯಲ್ಲಿ ಒಬ್ಬರೇ ಒಲೆ ಮುಂದೆ ನಿಂತು ಮಾಡುವ ಕೆಲಸ ಒಂದೂ ಇಲ್ಲ ಅಲ್ವಾ? ಇಷ್ಟು ಕಂಡ ಮೇಲೆ ಉಳಿದದ್ದು ಸುಲಭವಾಯಿತು. ನಾಲ್ಕು ಜನ ಕೂತು ಮಾಡುವ ಕೆಲಸ ಎಷ್ಟೇ ಕಷ್ಟವಾಗಲಿ ಉಳಿಸಿಕೊಂಡೆವು. ಒಬ್ಬಳೇ ಮಾಡಿ ಬೆನ್ನು ಮುರಿದುಕೊಳ್ಳುವುದನ್ನು ಬಿಟ್ಟೆವು, ಇಲ್ಲವೇ ಅದಕ್ಕೂ ನಾಲ್ಕು ಕೈ ಸೇರಿಸಿದೆವು. ನೀವೂ ನಿಮ್ಮ ಪಟ್ಟಿಯನ್ನು ಹೀಗೇ ಸೋಸಿ ನೋಡಿ. ಸುಮ್ನೆ ಅರ್ಧಕ್ಕೆ ಇಳಿಸುತ್ತೇನೆ ಅಂತ ಹೊರಟರೆ ಮೊದಲು ಹೋಗುವುದು ಹೆಚ್ಚು ಗಲಾಟೆ ಇರುವ ಕೆಲಸಗಳೇ, ಜನ ಸೇರುತ್ತಿದ್ದದ್ದೂ ಅಲ್ಲೇ.

ಹಿರಿಯರಿಗೆ ಹೇಳುವುದು ಹೇಗೆ ಅನ್ನುವ ಭಯ ನನಗೂ ಇತ್ತು. ಮಾವನಿಗೆ 80 ದಾಟಿದೆ, ಶಾಸ್ತ್ರ ಬಿಟ್ಟವರಲ್ಲ. ನಾನು ಅಡುಗೆ ಬಿಡುವ ವಿಷಯ ಎತ್ತಲಿಲ್ಲ, "ಮಾವ, ನೀವು ಚಿಕ್ಕವರಿದ್ದಾಗ ಚೌತಿಗೆ ಏನೇನು ಮಾಡ್ತಿದ್ದರು?" ಅಂತ ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ ಪಂಚಕಜ್ಜಾಯ, ಕಡುಬು, ಚಕ್ಕುಲಿ, ಅನ್ನ, ಸಾರು, ಒಂದು ಪಾಯಸ ಅಂದರು. ಬೆಲ್ಲವೇ ಕಷ್ಟದಲ್ಲಿ ಸಿಗುವ ಕಾಲ ಅದು ಅಂದರು. ಹಾಗಾದರೆ 21 ಬಗೆ? "ಗಣಪತಿಗೆ 21 ಗರಿಕೆ ಇಟ್ಟರೆ ಆಯ್ತು ತಂಗಿ. ಅಡುಗೆ ಅವಳು ಖುಷಿಗೆ ಮಾಡ್ತಿದ್ದಳು." ಅವಳು ಅಂದರೆ ಅತ್ತೆ. ಆಮೇಲೆ ಅವರು ಎದ್ದು ತೋಟದ ಕಡೆ ಹೋದರು, ನಾನೂ ಹಿಂದೆ ಹೋಗಲಿಲ್ಲ. ನಿಮ್ಮ ಮನೆಯ ಹಿರಿಯರನ್ನೂ ಅವರ ಬಾಲ್ಯದ ಹಬ್ಬ ಹೇಗಿತ್ತು ಅಂತ ಕೇಳಿ ನೋಡಿ. ನಾವು ಅನಾದಿ ಕಾಲದ್ದು ಅಂದುಕೊಂಡ ಎಷ್ಟೋ ಸಂಗತಿ ಒಂದು ತಲೆಮಾರಿನ ಹಿಂದೆ ಸೇರಿಕೊಂಡದ್ದು ಇರುತ್ತದೆ.

ಈಗ ಚಕ್ಕುಲಿ ಕಂಬಳದ ವಿಷಯ. ಕಂಬಳ ಅಂದರೆ ಕರಾವಳಿಯ ಕೋಣದ ಓಟ ಅಲ್ಲ. ಚೌತಿಗೆ ಮೊದಲು ಅಕ್ಕಪಕ್ಕದವರೆಲ್ಲ ಒಂದು ಮನೆಯಲ್ಲಿ ಸೇರಿ ಕೈಯಲ್ಲೇ ಚಕ್ಕುಲಿ ಸುತ್ತುವುದಕ್ಕೆ ನಮ್ಮ ಕಡೆ, ಶಿರಸಿ ಕಡೆ ಹಾಗೆನ್ನುತ್ತಾರೆ. ಇವತ್ತು ನಮ್ಮ ಮನೆ, ನಾಳೆ ನಿಮ್ಮ ಮನೆ, ಗದ್ದೆ ಕೆಲಸದ ಮುಯ್ಯಾಳಿನ ಹಾಗೇ. ಚಕ್ಕುಲಿ ಸುತ್ತುವುದರಲ್ಲಿ ಗಂಡಸರೇ ಎಷ್ಟೋ ಕಡೆ ನಿಪುಣರು. ನಮ್ಮ ಕೇರಿಯಲ್ಲಿ ಅದು ನಿಂತೇ ಹೋಗಿತ್ತು, ಎಲ್ಲರೂ ಅವರವರ ಮನೆಯಲ್ಲಿ ಚಕ್ಕುಲಿ ಒರಳಿನಲ್ಲಿ ಒತ್ತುತ್ತಿದ್ದರು ಇಲ್ಲವೇ ಸಾಗರದ ಪೇಟೆಯಿಂದ ತರುತ್ತಿದ್ದರು. ಮತ್ತೆ ಶುರು ಮಾಡಲು ನಾವು ಮಾಡಿದ್ದು ಎರಡೇ ಬದಲಾವಣೆ.

ಒಂದು, ದಿನ. 2025ರಲ್ಲಿ ಚೌತಿ ಆಗಸ್ಟ್ 27, ಬುಧವಾರ. ಮಕ್ಕಳಿಗೆ ವಾರದ ಮಧ್ಯೆ ರಜೆ ಹೊಂದಿಸುವುದು ಕಷ್ಟ. ಪೂಜೆ ತಿಥಿಗೇ ಆಗಬೇಕು, ಆದರೆ ಚಕ್ಕುಲಿಗೆ ತಿಥಿ ಇಲ್ಲವಲ್ಲ. ಕಂಬಳವನ್ನು 24ರ ಭಾನುವಾರ ಇಟ್ಟೆವು. ಮಗಳು ಶನಿವಾರ ಬೆಳಿಗ್ಗೆ ಬಂದು ಭಾನುವಾರ ರಾತ್ರಿ ರೈಲಿಗೆ ಹೋದಳು, ಹಬ್ಬದ ದಿನ ಇರಲಿಲ್ಲ. ಬೇಸರ ಆಗಲಿಲ್ಲ ಅಂದರೆ ಸುಳ್ಳು. ಬುಧವಾರ ಮಂಗಳಾರತಿ ಹೊತ್ತಿಗೆ ಅವಳ ಜಾಗ ಖಾಲಿ ಕಂಡಿತು. ಆದರೆ ಅವಳು ಕೇಳಿದ ದಿನ ಅವಳಿಗೆ ಸಿಕ್ಕಿತ್ತು.

ಎರಡು, ಅಳತೆ. ಅತ್ತೆಯವರ ಹಳೇ ಪುಸ್ತಕದಲ್ಲಿ "ಅಕ್ಕಿ 8 ಸೇರು, ಉದ್ದು 2 ಸೇರು" ಅಂತಿದೆ. ಅಷ್ಟು ಮಾಡಿದರೆ ತಿನ್ನುವವರು ಯಾರು? ಪ್ರಮಾಣ ಮಾತ್ರ ಇಟ್ಟುಕೊಂಡು ಅಕ್ಕಿ 4 ಲೋಟ, ಉದ್ದಿನಬೇಳೆ 1 ಲೋಟ ಮಾಡಿದೆವು. ಮನೆಮನೆಗೂ ಬೇರೆ ಬೇರೆ ಮಾಡಲಿಲ್ಲ, ನಾಲ್ಕು ಮನೆಯವರೂ ಅವರವರ ಹಿಟ್ಟು ಹಿಡಿದು ನಮ್ಮ ಜಗುಲಿಗೇ ಬಂದರು.

ಮಾಡುವ ಕ್ರಮ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಕ್ಕಿ ತೊಳೆದು ಬಟ್ಟೆ ಮೇಲೆ ಹರವಿ ನೆರಳಲ್ಲಿ ಒಣಗಿಸಿ, ಮಳೆಗಾಲವಾದ್ದರಿಂದ ಫ್ಯಾನ್ ಕೆಳಗೆ ರಾತ್ರಿಯಿಡೀ ಬಿಡಬೇಕಾಗಬಹುದು. ಉದ್ದಿನಬೇಳೆಯನ್ನು ಘಮ್ ಅನ್ನುವ ತನಕ ಹುರಿದು ಅಕ್ಕಿ ಜೊತೆ ಸೇರಿಸಿ ಮಿಲ್ಲಿನಲ್ಲಿ ನುಣ್ಣಗೆ ಬೀಸಿಸಿ. ಉಪ್ಪು, ಎಳ್ಳು ಅಥವಾ ಓಮ, ಒಂದು ಉಂಡೆ ಬೆಣ್ಣೆ ಹಾಕಿ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟು ನಾದಿ. ಒರಳಿಗೆ ಹಾಕುವ ಹಿಟ್ಟು ಸಾಕಷ್ಟು ಕಲಸಿದರೆ ಆಯಿತು, ಕೈಚಕ್ಕುಲಿಗೆ ಹಾಗಲ್ಲ, ತೋಳು ನೋಯುವಷ್ಟು ನಾದಬೇಕು. ಅದಕ್ಕೇ ಜನ ಬೇಕಾಗುವುದು. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಹಿಟ್ಟನ್ನು ಬೆರಳುಗಳ ಮಧ್ಯೆ ಹುರಿ ಹೊಸೆದ ಹಾಗೆ ತಿರುಚುತ್ತಾ ಬಟ್ಟೆ ಮೇಲೆ ಸುತ್ತಿ. ಎಳೆ ತುಂಡಾಗುತ್ತಿದ್ದರೆ ಇನ್ನೂ ನಾದಬೇಕು ಅಂತ ಅರ್ಥ. ಸ್ವಲ್ಪ ಹೊತ್ತು ಆರಲು ಬಿಟ್ಟು ಹದ ಉರಿಯಲ್ಲಿ ಕರಿಯಿರಿ. ಮಕ್ಕಳನ್ನು ಎಣ್ಣೆ ಹತ್ತಿರ ಬಿಡಬೇಡಿ, ಸುತ್ತಲು ಮಾತ್ರ ಬಿಡಿ. ಅವರ ಚಕ್ಕುಲಿ ಅಡ್ಡಾದಿಡ್ಡಿ ಬಂದರೂ ತಿದ್ದಬೇಡಿ.

ಲೋಟದ ವಿಷಯ ಒಂದು ಹೇಳಲೇಬೇಕು. ಅಜ್ಜಿಯೋ ಅಮ್ಮನೋ ಇನ್ನೂ ಇದ್ದರೆ ಅವರ ಅಳತೆಯನ್ನು ಈಗಲೇ ಬರೆದಿಟ್ಟುಕೊಳ್ಳಿ. "ಒಂದು ಲೋಟ" ಅಂತ ಬರೆದರೆ ಸಾಲದು, ಯಾವ ಲೋಟ ಅಂತ ನೋಡಿ, ಅದಕ್ಕೆ ನೀರು ತುಂಬಿ ಅಳೆಯಿರಿ. ಪಾಯಸಕ್ಕೆ ಬೆಲ್ಲ ಎಷ್ಟು ಅಂತ ನಾನು ಅತ್ತೆಯವರನ್ನು ಕೇಳಿದಾಗಲೆಲ್ಲ "ಕಣ್ಣಂದಾಜು" ಅನ್ನುತ್ತಿದ್ದರು. ಆ ಕಣ್ಣು ಈಗ ಇಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಅವರ ಪಾಯಸ ಆಗಲಿಲ್ಲ. ಅವರು ಅಡುಗೆ ಮಾಡುವಾಗ ಪಕ್ಕದಲ್ಲಿ ನಿಂತು, ಅವರು ಹಾಕುವ ಮೊದಲು ಬೆಲ್ಲವನ್ನು ತೂಕಕ್ಕೆ ಇಟ್ಟಿದ್ದರೆ ಸಾಕಿತ್ತು.

ಉಳಿದದ್ದು ಬೇಗ ಹೇಳುತ್ತೇನೆ. ಗಣಪತಿ ಗೇಣುದ್ದ ಸಾಕು, ಬಣ್ಣವಿಲ್ಲದ ಹಸಿ ಮಣ್ಣಿನದ್ದು, ಮೊದಲೇ ಹೇಳಿ ಮಾಡಿಸಿ. ಮಳೆಗಾಲದಲ್ಲಿ ತುಂಬಿದ ಹೊಳೆಗೆ ಇಳಿಯುವುದು ಬೇಡವೇ ಬೇಡ, ದೊಡ್ಡ ಬೋಗುಣಿಯಲ್ಲಿ ಬಿಟ್ಟರೆ ಮಣ್ಣು ತಾನಾಗಿ ಕರಗುತ್ತದೆ, ಆ ನೀರನ್ನು ತೆಂಗಿನ ಬುಡಕ್ಕೆ ಹಾಕುತ್ತೇವೆ. ಬಾಗಿನಕ್ಕೆ ಅಂಗಡಿಯ ಪ್ಲಾಸ್ಟಿಕ್ ಪೊಟ್ಟಣ ತರುವುದು ಬಿಟ್ಟು, ಬಿದಿರಿನ ಮೊರದಲ್ಲಿ ಮನೆಯ ಅಕ್ಕಿ, ಬೇಳೆ, ತೆಂಗಿನಕಾಯಿ ಇಡುತ್ತೇವೆ. ಅಡುಗೆ ಈಗ ಆರು ಬಗೆ, ಮಾವ ಹೇಳಿದ ಆರೇ. ಕಡುಬಿಗೆ ಹೂರಣ ತುಂಬುವುದು ಮಗ ಮತ್ತು ನಮ್ಮನೆಯವರ ಕೆಲಸ. ಕೊನೆಗಾರರು ಹಬ್ಬದ ಹೊತ್ತಿಗೇ ಬಂದರೆ ಅವರಿಗೂ ಅದೇ ಅಡುಗೆ, ಬೇರೆ ಮಾಡುವುದಿಲ್ಲ.

ಹೋದವರ ಜಾಗದ ಬಗ್ಗೆ ನನಗೆ ತೋಚಿದ್ದು ಇಷ್ಟು. ಅವರು ಮಾಡುತ್ತಿದ್ದ ಎಲ್ಲವನ್ನೂ ಮಾಡಲು ಹೋಗಬೇಡಿ, ಒಂದನ್ನು ಆರಿಸಿಕೊಳ್ಳಿ. ನಾವೆಲ್ಲ ಚಕ್ಕುಲಿಗೆ ಮೂರು ಸುತ್ತು ಹಾಕಿದರೆ ಅತ್ತೆ ಗಣಪತಿಗೆ ಅಂತ ಐದು ಸುತ್ತಿನದ್ದು ಒಂದು ಮಾಡುತ್ತಿದ್ದರು. ಆ ಭಾನುವಾರ ಜಗುಲಿಯಲ್ಲಿ ಹನ್ನೊಂದು ಜನ ಕೂತಿದ್ದರು, ಅದರಲ್ಲಿ ಐದು ಮಕ್ಕಳು. ಐದು ಸುತ್ತಿನ ಚಕ್ಕುಲಿಯನ್ನು ಮಗಳು ಶುರು ಮಾಡಿದಳು. ನಾಲ್ಕನೇ ಸುತ್ತಿಗೆ ಎಳೆ ಕಿತ್ತು ಹೋಯಿತು. ಮತ್ತೆ ಮಾಡಿದಳು, ಮತ್ತೆ ಕಿತ್ತಿತು. ಮಾವ ತಮ್ಮ ಕುರ್ಚಿಯಿಂದ ಎದ್ದು ಬಂದು ಚಾಪೆ ಮೇಲೆ ಕೂತು, ಕೈಗೆ ಎಣ್ಣೆ ಸವರಿಕೊಂಡರು. ಅವರಿಗೆ ಸುತ್ತಲು ಬರುತ್ತದೆ ಅಂತ ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಕೈ ನಡುಗುತ್ತಿತ್ತು, ಆದರೆ ಎಳೆ ಕೀಳಲಿಲ್ಲ.

ಬುಧವಾರ ರಾತ್ರಿ ಮಕ್ಕಳು ಕೊಡೆ ಮಡಚಿಕೊಂಡು ಬಂದು ಹೋದ ಮೇಲೆ ಅತ್ತೆಯವರ ಪುಸ್ತಕ ತೆಗೆದೆ. ಅವರು ಬರೆದ ಕೊನೆಯ ಸಾಲಿನ ಕೆಳಗೆ ಬರೆದೆ: 2025, ಚೌತಿ. ಅಕ್ಕಿ 4 ಲೋಟ, ಉದ್ದು 1 ಲೋಟ. ಉಪ್ಪು ಚೂರು ಜಾಸ್ತಿ ಆಯಿತು. ಐದು ಸುತ್ತು ಮಾವ ಹಾಕಿದರು.