ಫಾಡೊಗೆ ಡ್ರಮ್ಸ್ ಕೂಡಿಸುವ ಮುನ್ನ

ಪೋರ್ಚುಗಲ್ಲಿನ ಹಾಡುಗಾರಿಕೆಯಾದ ಫಾಡೊ, ಬ್ಲೂಸ್, ರಾಕ್ ಮೂರನ್ನೂ ಒಂದೇ ಬ್ಯಾಂಡಿನಲ್ಲಿ ಬೆರೆಸಲು ಹೊರಟವರು ಮೊದಲು ಎಡವುವುದು ತಾಳದಲ್ಲಿ, ಆಮೇಲೆ ನಿಷಾದದಲ್ಲಿ, ಅಂದರೆ ‘ನಿ’ ಸ್ವರದಲ್ಲಿ. ಪೆಡಲ್ಲು, ಆಂಪ್ಲಿಫೈಯರಿನ ಮಾತೆಲ್ಲ ಅದರ ನಂತರ.

ಲಿಸ್ಬನ್ನಿನ ಫಾಡೊದಲ್ಲಿ ಹಾಡುವವರ ಪಕ್ಕ ಹನ್ನೆರಡು ತಂತಿಯ ಪೋರ್ಚುಗೀಸ್ ಗಿಟಾರ್, ‘ವಿಯೋಲಾ’ ಎನ್ನುವ ಆರು ತಂತಿಯ ಗಿಟಾರ್, ಕೆಲವೊಮ್ಮೆ ಬೇಸ್ ಇರುತ್ತದೆ. ಡ್ರಮ್ಸ್ ಇರುವುದಿಲ್ಲ. ಗಾಯಕಿ ಒಂದು ಪದವನ್ನು ಎಳೆದರೆ ವಾದ್ಯದವರು ಕಾಯುತ್ತಾರೆ. ಇಲ್ಲಿಗೆ ಡ್ರಮ್ಮರ್ ಬಂದು ಸ್ನೇರ್ ಮೇಲೆ ಎರಡು, ನಾಲ್ಕನೇ ಪೆಟ್ಟು ಬಿಗಿಯಾಗಿ ಹಾಕಿದನೋ, ಹಾಡು ಅಲ್ಲಿಗೇ ಸತ್ತಂತೆ.

ಮೊದಲ ಪ್ರಯೋಗಕ್ಕೆ ಸಾಂಪ್ರದಾಯಿಕ ‘ಫಾಡೊ ಮೆನೋರ್’ (ಮೈನರ್ ಸ್ವರಗಳ ಫಾಡೊ ಧಾಟಿ) ಸಾಕು. ಎ ಮೈನರ್, ಇ7, ಈ ಎರಡೇ ಕಾರ್ಡ್‌ಗಳ ಮೇಲೆ ಅದನ್ನು ನಿಲ್ಲಿಸಬಹುದು. ನಿಮಿಷಕ್ಕೆ 66 ಬೀಟ್‌ನಿಂದ ಶುರು ಮಾಡಿ. ಮೆಟ್ರೊನೋಮ್ ವೇಗ ಗೊತ್ತುಮಾಡಲು ಮಾತ್ರ, ಆಮೇಲೆ ಆರಿಸಿಬಿಡಿ. ಮೊದಲೆರಡು ಚರಣಕ್ಕೆ ಡ್ರಮ್ಸ್ ಬೇಡವೇ ಬೇಡ. ಮೂರನೆಯದಕ್ಕೆ ಕೋಲಿನ ಬದಲು ಬ್ರಶ್ ಹಿಡಿದು, ಡ್ರಮ್ಮರ್ ಕಿವಿಯನ್ನು ಬೇಸ್‌ಗಲ್ಲ, ಗಾಯಕಿಯ ಉಸಿರಿಗೆ ಕೊಡಲಿ. ಸಾಲಿನ ಕೊನೆಯ ಪದ ಬೀಳುವವರೆಗೆ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ತಡೆದಿಡುವುದು ಒಳ್ಳೆಯ ಅಭ್ಯಾಸ.

ಫಾಡೊ ಚೌಪದಿಯಲ್ಲಿ ನಾಲ್ಕು ಸಾಲು. ಹನ್ನೆರಡು ಬಾರ್‌ನ (ನಾಲ್ಕು ಬೀಟ್‌ಗೆ ಒಂದು ಬಾರ್) ಬ್ಲೂಸ್‌ನಲ್ಲಿ ಮೂರು ಸಾಲಿಗೆ ಜಾಗ. ಒಂದನ್ನು ಇನ್ನೊಂದರೊಳಗೆ ತುರುಕಿದರೆ ಕೊನೆಯ ಸಾಲು ಹೊರಗುಳಿಯುತ್ತದೆ. ಹಾಡಿಗೆ 16 ಬಾರ್ ಕೊಡಿ. 12 ಬಾರ್‌ನ ಚಕ್ರವನ್ನು ನಡುವಿನ ಸೋಲೊಗೆ ಮೀಸಲಿಡಿ. ಹಾಡುವಾಗ ಚತುರಶ್ರ ನಡೆ (ಬೀಟಿಗೆ ನಾಲ್ಕು ಭಾಗ), ಸೋಲೊದಲ್ಲಿ ತಿಶ್ರ (ಮೂರು ಭಾಗ), ಅಂದರೆ ಬ್ಲೂಸ್‌ನ ಶಫಲ್. ಎರಡೂ ನಡೆ ಒಟ್ಟಿಗೆ ಓಡಿದರೆ ಪೋರ್ಚುಗೀಸ್ ಗಿಟಾರಿನ ಸಣ್ಣ ಸಣ್ಣ ಸ್ವರಗಳು ಶಫಲ್‌ಗೆ ತಾಗಿ ಮುಗ್ಗರಿಸುತ್ತವೆ.

ಇನ್ನು ನಿಷಾದ. ಎ ಸ್ವರವನ್ನು ಷಡ್ಜ ಮಾಡಿಕೊಂಡರೆ ಫಾಡೊ ಮೆನೋರ್ ಹೆಚ್ಚುಕಡಿಮೆ ಕೀರವಾಣಿಯ ಸ್ವರಗಳಲ್ಲಿ ನಡೆಯುತ್ತದೆ. ಇ7 ಕಾರ್ಡ್‌ನಲ್ಲಿ ಕಾಕಲಿ ನಿಷಾದ, ಅಂದರೆ ಜಿ ಶಾರ್ಪ್ ಇದೆ. ಬ್ಲೂಸ್ ಗಿಟಾರಿಸ್ಟ್ ಬೆರಳಿಗೆ ರೂಢಿಯಾದ ಮೈನರ್ ಪೆಂಟಾಟೋನಿಕ್ ನಮ್ಮ ಶುದ್ಧ ಧನ್ಯಾಸಿಯ ಸ್ವರಗಳೇ. ಅದರಲ್ಲಿರುವುದು ಕೈಶಿಕಿ ನಿಷಾದ, ಬರೀ ಜಿ. ಇ7 ಮೇಲೆ ಜಿ ಹಿಡಿದು ನಿಲ್ಲಿಸಿದರೆ ಗಾಯಕಿಗೆ ಶ್ರುತಿ ತಪ್ಪಿದಂತೆ ಅನಿಸುತ್ತದೆ, ತಪ್ಪು ಅವಳದ್ದಲ್ಲ. ದನಿ ಇರುವಾಗ ಎಲೆಕ್ಟ್ರಿಕ್ ಗಿಟಾರ್ ಜಿ ಶಾರ್ಪ್‌ಗೇ ಅಂಟಿಕೊಳ್ಳಲಿ. ಸೋಲೊಗೆ ಇ7 ಶಾರ್ಪ್ 9 ಬಳಸಿ: ಐದನೇ ತಂತಿ 7ನೇ ಫ್ರೆಟ್, ನಾಲ್ಕನೆಯದು 6, ಮೂರನೆಯದು 7, ಎರಡನೆಯದು 8. ಜಿಮಿ ಹೆಂಡ್ರಿಕ್ಸ್ ಹೆಸರಿನಿಂದಲೇ ಪರಿಚಿತವಾದ ಈ ಕಾರ್ಡ್‌ನಲ್ಲಿ ಎರಡೂ ನಿಷಾದ ಉಂಟು, ಜಗಳವೇ ರುಚಿಯಾಗುತ್ತದೆ.

ಪೋರ್ಚುಗೀಸ್ ಗಿಟಾರಿನ ಆರು ಜೋಡಿ ತಂತಿಗಳ ಲಿಸ್ಬನ್ ಶ್ರುತಿ ಎತ್ತರದ ಸ್ವರದಿಂದ ಕೆಳಕ್ಕೆ ಬಿ, ಎ, ಇ, ಬಿ, ಎ, ಡಿ. ಪೋರ್ಚುಗಲ್ಲಿನದೇ ಇನ್ನೊಂದು ಊರಾದ ಕೊಯಿಂಬ್ರಾದ ಶ್ರುತಿ ಇದಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ. ವಾದ್ಯ ತರಿಸುವ ಮೊದಲು ಯಾವುದೆಂದು ಕೇಳಿಕೊಳ್ಳಿ. ವಾದ್ಯ ಸಿಗದಿದ್ದರೆ ಹನ್ನೆರಡು ತಂತಿಯ ಗಿಟಾರಿಗೆ 7ನೇ ಫ್ರೆಟ್‌ನಲ್ಲಿ ಕೇಪೊ (ತಂತಿಗಳನ್ನು ಒತ್ತಿಹಿಡಿಯುವ ಹಿಡಿಕೆ) ಹಾಕಿ. ಮೇಲಿನ ತಂತಿ ಅದೇ ಬಿ ಸ್ವರಕ್ಕೆ ಬರುತ್ತದೆ; ಮಿನುಗು ಸ್ವಲ್ಪ ಕಡಿಮೆ, ಕೆಲಸ ನಡೆಯುತ್ತದೆ.

ವೇದಿಕೆಯಲ್ಲಿ ಈ ವಾದ್ಯಕ್ಕೆ ಕಂಡೆನ್ಸರ್ ಮೈಕ್ ಇಟ್ಟು ಪಕ್ಕದಲ್ಲೇ ಡ್ರಮ್ಸ್ ಬಾರಿಸಿದರೆ ಸ್ಪೀಕರಿನ ಕೂಗು (ಫೀಡ್‌ಬ್ಯಾಕ್) ಖಚಿತ. ಪಿಕಪ್ ಹಾಕಿಸಿ, 120 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಅದರ ಅತಿ ಕೆಳಗಿನ ಸ್ವರವೇ ಸುಮಾರು 147 ಹರ್ಟ್ಸ್, ಹಾಗಾಗಿ ಕಳೆದುಕೊಳ್ಳುವಂಥದ್ದು ಏನೂ ಇಲ್ಲ. ಎಲೆಕ್ಟ್ರಿಕ್ ಗಿಟಾರಿನಲ್ಲಿ 2ರಿಂದ 4 ಕಿಲೋಹರ್ಟ್ಸ್ ನಡುವೆ 3 ಡೆಸಿಬಲ್ ಇಳಿಸಿ. ಪೋರ್ಚುಗೀಸ್ ಗಿಟಾರಿನ ಕೃತಕ ಉಗುರಿನ ಮೀಟು ಆಗ ತಾನಾಗಿ ಎದ್ದು ಕೇಳುತ್ತದೆ. ಡಿಸ್ಟಾರ್ಷನ್ ಬೇಕೇ? ಎರಡೇ ಸ್ವರ, ಅದೂ ಕೆಳಗಿನ ತಂತಿಗಳಲ್ಲಿ. ಲಿಸ್ಬನ್ನಿನ ಡೆಡ್ ಕಾಂಬೊ ಜೋಡಿ ಹೆಚ್ಚಾಗಿ ಎಲೆಕ್ಟ್ರಿಕ್ ಗಿಟಾರ್, ಡಬಲ್ ಬೇಸ್ ಇಟ್ಟುಕೊಂಡೇ ಈ ಬೆರಕೆ ಮಾಡಿತು. ವಾದ್ಯ ಕಡಿಮೆ ಮಾಡುವುದು ಹೇಗೆಂದು ಅವರ ಸಂಗೀತ ಆಲಿಸಿಯೇ ಕಲಿಯಬೇಕು.

ಮುಕ್ತಾಯಕ್ಕೆ ರಾಕ್‌ನ ಉದ್ದದ ಗದ್ದಲ ಒಗ್ಗದು. ಗಾಯಕಿ ಕೊನೆಯ ಸ್ವರ ಬಿಟ್ಟ ಮೇಲೆ ಇ7, ಎ ಮೈನರ್, ಎರಡೇ ಪೆಟ್ಟು. ಎರಡನೆಯದರ ಜೊತೆ ಸಿಂಬಲ್ ಬಾರಿಸಿದರೆ ತಕ್ಷಣ ಕೈಯಲ್ಲಿ ಹಿಡಿದು ನಿಲ್ಲಿಸಿ.