ಶಾಲೆಯ ಹೊತ್ತು ಕಡಿಮೆ ಮಾಡಿ ಮಗನನ್ನು ಶಾಲೆಗೆ ಹಚ್ಚಿದೆ

"ಅರ್ಧ ದಿನದ ರೂಢಿ ಮಾಡಿಸಿದ್ರೆ ಇನ್ಯಾವತ್ತೂ ಪೂರ್ತಿ ದಿನ ಕೂರಲ್ಲ ಕಣಮ್ಮ." ಅತ್ತೆ ಹೇಳಿದರು, ನಮ್ಮಣ್ಣ ಹೇಳಿದ, ಕೊನೆಗೆ ಥೆರಪಿ ಸೆಂಟರಿನ ಬೆಂಚಿನ ಮೇಲೆ ಜೊತೆಗೆ ಕೂರುತ್ತಿದ್ದ ಅಮ್ಮಂದಿರೂ ಅದನ್ನೇ ಹೇಳಿದರು. ಈ ಫೆಬ್ರವರಿಯಿಂದ ನನ್ನ ಮಗ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರವರೆಗೂ ಶಾಲೆಯಲ್ಲಿರುತ್ತಾನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವು ಹಾಸನದವರು. ಮಗನಿಗೆ ಆಟಿಸಂ ಎಂದು ಮೈಸೂರಿನ ಆಯಿಷ್‌ನಲ್ಲಿ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಗೊತ್ತಾದಾಗ ನಾಲ್ಕು ವರ್ಷ. ಮಾತು ಬಂತು, ಓದು ಬಂತು, ಎರಡನೇ ಕ್ಲಾಸು ಹೇಗೋ ದಾಟಿತು. ಮೂರನೇ ಕ್ಲಾಸಿನ ಜುಲೈನಲ್ಲಿ ಬೆಳಗಿನ ಹೊಟ್ಟೆನೋವು ಶುರುವಾಯಿತು. ಸಾಕ್ಸ್ ಹಾಕಲು ಹೋದರೆ ಕಾಲಿನ ಬೆರಳುಗಳನ್ನು ಬಿಗಿಯಾಗಿ ಮಡಚಿಕೊಳ್ಳುತ್ತಿದ್ದ. ಒಂದೊಂದೇ ಬೆರಳು ಬಿಡಿಸಿ ಹಾಕಿ, ಎರಡನೇ ಕಾಲಿಗೆ ಬರುವಷ್ಟರಲ್ಲಿ ಮೊದಲನೆಯದನ್ನು ಕಿತ್ತು ಎಸೆದಿರುತ್ತಿದ್ದ. ಆಗಸ್ಟ್ ಮುಗಿಯುವ ಹೊತ್ತಿಗೆ ಗೇಟಿನ ಕಂಬಿ ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ.

ಆ ದಿನಗಳಲ್ಲಿ ದುಡ್ಡು ನೀರಿನಂತೆ ಹೋಯಿತು. ಬೆಂಗಳೂರಿನಲ್ಲಿ ಒಂದು ಕಡೆ ಮೆದುಳು ಚುರುಕು ಮಾಡುತ್ತೇವೆ ಎಂದರು. ತಲೆಗೆ ಪಟ್ಟಿ ಕಟ್ಟಿ ಪರದೆ ನೋಡಿಸುವುದು, ಇಪ್ಪತ್ತು ಸಲಕ್ಕೆ ನಲವತ್ತು ಸಾವಿರದ ಹತ್ತಿರ. ಏನೂ ಆಗಲಿಲ್ಲ. ನನ್ನ ಎರಡು ಬಳೆ ಅಲ್ಲೇ ಹೋದವು. ಕ್ಲಾಸಿನಲ್ಲಿ ಇವನೊಬ್ಬನ ಪಕ್ಕದಲ್ಲೇ ಕೂತು ನೋಡಿಕೊಳ್ಳಲು ಶ್ಯಾಡೋ ಟೀಚರ್ ಇಟ್ಟೆವು, ತಿಂಗಳಿಗೆ ಒಂಬತ್ತು ಸಾವಿರ. ಆ ಹುಡುಗಿ ಒಳ್ಳೆಯವಳೇ. ಆದರೆ ಅವಳು ಪಕ್ಕದಲ್ಲಿ ಕೂತ ಮೇಲೆ ಉಳಿದ ಮಕ್ಕಳು ಇವನ ಹತ್ತಿರ ಮಾತಾಡುವುದನ್ನೇ ಬಿಟ್ಟರು. ಅದನ್ನೂ ನಿಲ್ಲಿಸಿದೆ. ಎಲ್ಲಾ ಸೇರಿ ಲಕ್ಷದ ಮೇಲೆ ಆಗಿರಬೇಕು, ಲೆಕ್ಕ ಬರೆದಿಟ್ಟಿಲ್ಲ. ಮೈಸೂರಿನ ಓಡಾಟ ಮಾತ್ರ ಹಗುರವಾಯಿತು. 2023ರಲ್ಲಿ ಶಕ್ತಿ ಯೋಜನೆ ಬಂದಮೇಲೆ ನನ್ನ ಟಿಕೆಟ್ ಉಳಿಯಿತು, ಅವನದೊಂದು ಅರ್ಧ ಟಿಕೆಟ್.

ದಾರಿ ಸಿಕ್ಕಿದ್ದು ನಲವತ್ತು ರೂಪಾಯಿಯ ನೋಟ್‌ಬುಕ್ಕಿನಲ್ಲಿ. ದಸರಾ ರಜೆ ಮುಗಿದ ಮೇಲೆ ಹೆಡ್‌ಮಿಸ್ಸನ್ನು ಕಾಡಿ ಬೇಡಿ, ಎಂಟು ದಿನ ಕ್ಲಾಸಿನ ಹೊರಗಡೆ ಹೊಂಗೆ ಮರದ ಕೆಳಗೆ ಕೂತೆ. ಅವನು ಏನು ಮಾಡಿದ ಎಂದಷ್ಟೇ ಬರೆಯಲಿಲ್ಲ. ಎಷ್ಟು ಹೊತ್ತಿಗೆ, ಆಗ ಸುತ್ತ ಏನು ನಡೆಯುತ್ತಿತ್ತು, ಅದನ್ನೂ ಬರೆದೆ. 9.40, ಪ್ರಾರ್ಥನೆಯ ಡ್ರಮ್, ಕಿವಿ ಮುಚ್ಚಿದ. 10.30, ಗಣಿತ, ನಗುತ್ತಿದ್ದಾನೆ. 11.15, ಬೆಲ್. 1.05, ಊಟದ ಕೋಣೆ, ಸ್ಟೀಲ್ ತಟ್ಟೆಗಳ ಸದ್ದು, ಬೆಂಚಿನ ಕೆಳಗೆ ಹೋದ. ಎಂಟೂ ದಿನ ಹೆಚ್ಚುಕಡಿಮೆ ಇದೇ. ಪಾಠದ ಹೊತ್ತಿನಲ್ಲಿ ಒಂದು ದಿನವೂ ಅತ್ತಿರಲಿಲ್ಲ! ಓದಲು ಮನಸ್ಸಿಲ್ಲ ಎಂದು ವರ್ಷವೆಲ್ಲಾ ಬೈಸಿಕೊಂಡಿದ್ದ ಮಗು ಅದು.

ಸೋಮವಾರದಿಂದ ಪ್ರಾರ್ಥನೆ ಮುಗಿದ ಮೇಲೆ, ಹತ್ತೂವರೆಯ ಗಣಿತಕ್ಕೆ ಕರೆದುಕೊಂಡು ಹೋಗಿ, 11.15ರ ಬೆಲ್ಲಿಗೆ ಮೊದಲೇ ವಾಪಸ್ ತರುತ್ತೇನೆ ಎಂದೆ. ಮುಕ್ಕಾಲು ಗಂಟೆಯ ಶಾಲೆ. ಹೆಡ್‌ಮಿಸ್ ಒಪ್ಪಲಿಲ್ಲ. ಹಾಜರಿ ಹೇಗೆ ಹಾಕೋದು, ನೀವು ಸ್ಪೆಷಲ್ ಸ್ಕೂಲ್ ನೋಡಿ ಎಂದರು. ಮನೆಗೆ ಬಂದು ಅತ್ತುಬಿಟ್ಟೆ. ಮಾರನೇ ದಿನ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಹಾಕಿ ಅರ್ಜಿ ಬರೆದು ಸ್ವೀಕೃತಿ ಸಹಿ ಪಡೆದೆ. ಸರ್ಕಾರದ ಮಾನ್ಯತೆ ಇರುವ ಶಾಲೆ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಜಗಳ ಆಡಲಿಲ್ಲ, ಅರ್ಜಿಯ ಜೊತೆ ನೋಟ್‌ಬುಕ್ಕನ್ನೂ ಇಟ್ಟೆ. ಅವರು ಓದಿದ್ದು ನೋಟ್‌ಬುಕ್ಕನ್ನೇ. ಒಂದು ವಾರಕ್ಕೆ ಕರೆದು ಹೂಂ ಅಂದರು.

ಗುಟ್ಟು ಇರುವುದು ವಾಪಸ್ ಕರೆತರುವ ಗಳಿಗೆಯಲ್ಲಿ. ನಗುತ್ತಿರುವಾಗಲೇ ಎಬ್ಬಿಸಿಕೊಂಡು ಬರಬೇಕು. ನಾವೆಲ್ಲರೂ ಮಾಡುವುದು ಇದರ ಉಲ್ಟಾ: ಅಳುವವರೆಗೂ ಬಿಟ್ಟು, ಅತ್ತಮೇಲೆ ಶಾಲೆಯಿಂದ ಫೋನ್ ಬಂದಾಗ ಓಡುತ್ತೇವೆ. ಹಾಗೆ ಮಾಡಿದರೆ ಆ ದಿನದ ಶಾಲೆಯಲ್ಲಿ ಅವನ ನೆನಪಿಗೆ ಉಳಿಯುವುದು ಅಳು ಒಂದೇ. ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ, ಕೈ ಹಿಡಿದಾಗ "ಅಮ್ಮ, ಇನ್ನೊಂದ್ ಲೆಕ್ಕ ಇದೆ" ಎಂದ. ನಾನು ಬಿಡಲಿಲ್ಲ, ಎಬ್ಬಿಸಿದೆ. ಆಟೋದಲ್ಲಿ ಅವನಿಗೆ ಕಾಣದ ಹಾಗೆ ಅತ್ತುಬಿಟ್ಟೆ.

ಆಮೇಲೆ ಇಪ್ಪತ್ತು ಇಪ್ಪತ್ತು ನಿಮಿಷ ಏರಿಸುತ್ತಾ ಹೋದೆ, ಮೂರು ವಾರಕ್ಕೊಮ್ಮೆ. ಏರಿಸುವುದು ಬುಧವಾರವೇ, ಸೋಮವಾರ ಯಾವತ್ತೂ ಇಲ್ಲ. ಬೆಲ್ಲಿನ ಸದ್ದಿಗೆ ಕಿವಿ ಮುಚ್ಚುವ ಇಯರ್‌ಮಫ್ ಹಾಕಿಸಿದೆ. ಆನ್‌ಲೈನಿನಲ್ಲಿ ಮಕ್ಕಳದು ಎಂದು ಎರಡು ಸಾವಿರ ಹೇಳುತ್ತಾರೆ. ನಾನು ತಂದದ್ದು ಹಾರ್ಡ್‌ವೇರ್ ಅಂಗಡಿಯಿಂದ, ಗ್ರೈಂಡಿಂಗ್ ಮಾಡುವವರು ಹಾಕಿಕೊಳ್ಳುವಂಥದ್ದು, ಮುನ್ನೂರೈವತ್ತು. ಊಟವನ್ನು ಲೈಬ್ರರಿ ಕೋಣೆಗೆ ಬದಲಿಸಿದರು, ಜೊತೆಗೆ ಒಬ್ಬ ಗೆಳೆಯ. ಕೊನೆಗೆ ಉಳಿದದ್ದು ಪ್ರಾರ್ಥನೆ. ಡ್ರಮ್ ಬಾರಿಸುವ ಹುಡುಗನ ಜೊತೆ ಏನು ಏರ್ಪಾಡು ಮಾಡಿಕೊಂಡೆ ಎನ್ನುವುದು ನನಗೂ ಆ ಹುಡುಗನಿಗೂ ಮಾತ್ರ ಇರಲಿ. ಈಗ ನಾಡಗೀತೆಗೆ ಇವನು ಸಾಲಿನ ಕೊನೆಯಲ್ಲಿ ನಿಲ್ಲುತ್ತಾನೆ.

ನಡುವೆ ಒಮ್ಮೆ ನನ್ನ ಆಸೆಯೇ ಕೆಡಿಸಿತು. ಜೂನ್‌ನಲ್ಲಿ ನಾಲ್ಕನೇ ಕ್ಲಾಸು ಶುರುವಾದಾಗ, ಎಲ್ಲ ಚೆನ್ನಾಗಿದೆಯಲ್ಲ ಎಂದು ಒಂದೇ ಸಲಕ್ಕೆ ಮೂರೂವರೆಯವರೆಗೆ ಬಿಟ್ಟೆ. ನಾಲ್ಕನೇ ದಿನ ಮತ್ತೆ ಬೆರಳು ಮಡಚಿಕೊಂಡ. ಹಿಂದಕ್ಕೆ ಮಧ್ಯಾಹ್ನ ಒಂದು ಗಂಟೆಯವರೆಗೆ ಇಳಿಸಿ ಮತ್ತೆ ಹತ್ತಬೇಕಾಯಿತು. ಎರಡು ತಿಂಗಳು ಹೋಯಿತು, ಅದು ನನ್ನದೇ ತಪ್ಪು.

ಕೂತಲ್ಲಿ ನೆಮ್ಮದಿಯಾಗಿರಲೆಂದು ಅವನ ತೊಡೆಯ ಮೇಲೆ ಒಂದು ಭಾರದ ದಿಂಬು ಇಡುತ್ತೇನೆ. ಅಂಗಡಿಯದಕ್ಕೆ ಸಾವಿರಗಟ್ಟಲೆ. ನಾನು ಹಳೇ ಜೀನ್ಸಿನ ಕಾಲು ಕತ್ತರಿಸಿ, ಚೌಕ ಚೌಕ ಹೊಲಿಗೆ ಹಾಕಿ ಒಳಗೆ ರಾಗಿ ತುಂಬಿದೆ. ಭಾರ ಹದವಾಗಿತ್ತು, ಆದರೆ ಮಳೆಗಾಲಕ್ಕೆ ಹುಳ ಬಿತ್ತು. ಮರಳು ಹೊಲಿಗೆಯಲ್ಲಿ ಸೋರಿತು. ಹುಣಸೆ ಬೀಜ ತೊಳೆದು, ಒಣಗಿಸಿ, ಹುರಿದು ತುಂಬಿದ್ದು ಈವರೆಗೂ ಹಾಗೇ ಇದೆ, ಒಂದು ಕೆ.ಜಿ. ಒಳಗೇ. ಬೀಜಗಳು ಒಳಗೆ ಸರಿದಾಡುವುದು ಅವನಿಗೆ ಇಷ್ಟ, ಲೆಕ್ಕ ಮಾಡುವಾಗ ಎಡಗೈ ಅದರ ಮೇಲೇ ಇರುತ್ತದೆ. ಗೋಧಿ, ಹಾಲು ಬಿಡಿಸುವ ಪಥ್ಯವನ್ನೂ ಮೂರು ತಿಂಗಳು ಮಾಡಿ ನೋಡಿದೆ. ಅವನ ತೂಕ ಇಳಿದದ್ದು ಬಿಟ್ಟರೆ ಬೇರೇನೂ ಕಾಣಲಿಲ್ಲ. ಸಾಕ್ಸ್ ಈಗ ಒಳಮೈ ಹೊರಗೆ ಮಾಡಿ ಹಾಕುತ್ತೇನೆ. ಹೊಲಿಗೆ ಬೆರಳಿಗೆ ತಾಗುವುದಿಲ್ಲ. ಇದು ಮೊದಲೇ ಹೊಳೆಯಬೇಕಿತ್ತು.

ಹೋದ ತಿಂಗಳು ಅತ್ತೆ ಪಕ್ಕದ ಮನೆಯವರಿಗೆ, "ನಮ್ ಸೊಸೆ ಹಟ ಹಿಡಿದು ಕೂರಿಸಿದ್ಲು" ಎಂದು ಹೇಳುತ್ತಿದ್ದುದು ಅಡುಗೆಮನೆಗೆ ಕೇಳಿಸಿತು.

ಜೂನ್‌ಗೆ ಐದನೇ ಕ್ಲಾಸು. ಮಿಸ್ ಹೊಸಬರು, ಕೋಣೆ ಮಹಡಿ ಮೇಲೆ. ಮೊನ್ನೆ ಹೋಗಿ ನೋಡಿಕೊಂಡು ಬಂದೆ. ಮೂರನೇ ಬೆಂಚಿನ ಮೇಲಿನ ಫ್ಯಾನು ಕಿರ್ ಕಿರ್ ಅನ್ನುತ್ತದೆ. ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ, ಭಾನುವಾರ ಬಂದು ಬೇರಿಂಗ್ ಬದಲಿಸುತ್ತಾನಂತೆ.