ಹಲವು ಥ್ರೆಡ್‌ಗಳು (ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಓಡುವ ಕೆಲಸಗಳು) ಒಂದೇ ಲಾಗ್ ಫೈಲಿಗೆ ಬರೆಯುವಾಗ ಸಾಲು ಹರಿಯದ ಹಾಗೆ ನೋಡಿಕೊಳ್ಳುವುದು ಹೇಗೆ?

ಲಾಗ್ ತೆರೆದರೆ ಹೀಗಿತ್ತು: "ಆರ್ಡರ್ 41 ಮುಆರ್ಡರ್ 57 ಮುಗಿಯಿತು". 41ರ ಉಳಿದ "ಗಿಯಿತು" ಎಷ್ಟೋ ಸಾಲು ಕೆಳಗೆ ಬಿದ್ದಿತ್ತು. ಇದರ ಹಿಂದೆ ನಾನು ಎರಡು ದಿನ ಕಳೆದೆ. ನಿಮಗೆ ಆ ಪಾಡು ಬೇಡ.

ಲಿನಕ್ಸ್‌ನಲ್ಲಿ ಹೀಗೆ ಮಾಡಿ. ಇಡೀ ಸಾಲನ್ನು, ಕೊನೆಯ ನ್ಯೂಲೈನ್ ಸಮೇತ, ಮೊದಲು ಮೆಮೊರಿಯ ಒಂದು ಬಫರ್‌ನಲ್ಲಿ ಕಟ್ಟಿಕೊಳ್ಳಿ. ಫೈಲನ್ನು ಓ_ಅಪೆಂಡ್ ಫ್ಲ್ಯಾಗ್ ಹಾಕಿ ತೆರೆಯಿರಿ. ಆಮೇಲೆ ಒಂದೇ ಒಂದು ರೈಟ್ ಕಾಲ್. ಈ ಫ್ಲ್ಯಾಗ್ ಇದ್ದರೆ ಫೈಲಿನ ತುದಿಗೆ ಹೋಗುವುದನ್ನೂ ಬರೆಯುವುದನ್ನೂ ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಒಟ್ಟಿಗೇ ಮಾಡುತ್ತದೆ. ನೀವೇ ಎಲ್‌ಸೀಕ್ ಮಾಡಿ ತುದಿಗೆ ಹೋಗಿ ಆಮೇಲೆ ರೈಟ್ ಮಾಡಿದರೆ, ಆ ಸಂದಿಯಲ್ಲಿ ಇನ್ನೊಂದು ಥ್ರೆಡ್ ನುಗ್ಗಿ ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಬರೆದುಬಿಡುತ್ತಾರೆ. 2014ರ 3.14 ಕರ್ನೆಲ್ ಬರುವವರೆಗೂ, ಅಪೆಂಡ್ ಇಲ್ಲದೆ ಸುಮ್ನೆ ರೈಟ್ ಮಾಡಿದರೂ ಎರಡು ಥ್ರೆಡ್‌ಗಳು ಒಂದೇ ಆಫ್‌ಸೆಟ್ (ಫೈಲಿನಲ್ಲಿ ಬರೆಯುವ ಸ್ಥಾನ) ಹಿಡಿದು ಒಂದೇ ಜಾಗಕ್ಕೆ ಬರೆಯಬಹುದಿತ್ತು.

ರೈಟ್ ಬದಲು ಸಿ ಭಾಷೆಯ ಎಫ್‌ಪ್ರಿಂಟ್‌ಎಫ್ ಬಳಸುವವರೇ ಜಾಸ್ತಿ, ಅಲ್ವಾ? ಅದು ಪ್ರತಿ ಕಾಲ್‌ಗೂ ಒಳಗೇ ಲಾಕ್ ಹಾಕುತ್ತದೆ, ಹಾಗಾಗಿ ಒಂದು ಸಾಲಿಗೆ ಒಂದೇ ಕಾಲ್ ಇದ್ದರೆ ಥ್ರೆಡ್‌ಗಳ ಮಟ್ಟಿಗೆ ತೊಂದರೆಯಿಲ್ಲ. ಹಲವು ಪ್ರೋಸೆಸ್‌ಗಳಿದ್ದರೆ (ಬೇರೆಬೇರೆಯಾಗಿ ಓಡುವ ಪ್ರೋಗ್ರಾಮ್‌ಗಳಿದ್ದರೆ) ಕಥೆ ಬೇರೆ. ಒಂದೊಂದಕ್ಕೂ ಅದರದ್ದೇ ಬಫರ್, ಸಾಮಾನ್ಯವಾಗಿ 4096 ಬೈಟ್, ಅದು ತುಂಬಿದ ಕ್ಷಣ ಸಾಲು ಮುಗಿದಿದೆಯೋ ಇಲ್ಲವೋ ನೋಡದೆ ಕರ್ನೆಲ್‌ಗೆ ಹೋಗುತ್ತದೆ. ನನಗೆ ಆದದ್ದೂ ಇದೇ. ಸಾಲು ಹರಿದ ಜಾಗಗಳ ಬೈಟ್ ಎಣಿಸಿದೆ: 4096, 8192, 12288. ಆಗ ಅರ್ಥವಾಯಿತು. ಪ್ರತಿ ಸಾಲಿನ ಕೊನೆಗೆ ಎಫ್‌ಫ್ಲಶ್ ಮಾಡಿ ಬಫರ್ ಖಾಲಿ ಮಾಡಿ, ಇಲ್ಲವೇ ನೇರವಾಗಿ ರೈಟ್ ಬಳಸಿ.

ಎಷ್ಟು ಬೈಟ್ ಬರೆಯಿತು ಎಂದು ರೈಟ್ ವಾಪಸ್ ಕೊಡುವ ಸಂಖ್ಯೆಯನ್ನು ನೋಡದೆ ಬಿಡಬೇಡಿ. ಡಿಸ್ಕ್ ತುಂಬುತ್ತಾ ಬಂದಾಗ ಅರ್ಧ ಸಾಲು ಮಾತ್ರ ಹೋಗಿರಬಹುದು.

ಥ್ರೆಡ್‌ಗಳ ನಡುವೆ ಲಾಕ್ ಬೇಕಿದ್ದರೆ ಮ್ಯೂಟೆಕ್ಸ್ (ಒಮ್ಮೆಗೆ ಒಂದೇ ಥ್ರೆಡ್ಡನ್ನು ಒಳಬಿಡುವ ಲಾಕ್) ಹಾಕಿ, ಫೈಲಿಗೆ ಲಾಕ್ ಹಾಕುವ ಫ್ಲಾಕ್ ನಂಬಬೇಡಿ. ಒಂದೇ ಡಿಸ್ಕ್ರಿಪ್ಟರ್ (ತೆರೆದ ಫೈಲಿಗೆ ಸಿಗುವ ಸಂಖ್ಯೆ) ಹಂಚಿಕೊಂಡ ಥ್ರೆಡ್‌ಗಳನ್ನು ಅದು ತಡೆಯುವುದೇ ಇಲ್ಲ. ಎಫ್‌ಸಿಎನ್‌ಟಿಎಲ್ ಕಾಲ್‌ನ ಹಳೇ ಫೈಲ್ ಲಾಕ್ ಇನ್ನೂ ಅಪಾಯ: ಆ ಫೈಲಿನ ಯಾವುದೋ ಬೇರೆ ಡಿಸ್ಕ್ರಿಪ್ಟರ್ ಮುಚ್ಚಿದರೂ ಇಡೀ ಪ್ರೋಸೆಸ್‌ನ ಲಾಕ್ ಬಿಟ್ಟುಹೋಗುತ್ತದೆ.

ಫೈಲ್ ಎನ್‌ಎಫ್‌ಎಸ್ (ಹಲವು ಮಷೀನುಗಳು ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಫೈಲ್ ವ್ಯವಸ್ಥೆ) ಮೇಲಿದ್ದರೆ ಅಪೆಂಡ್‌ನ ಈ ಭರವಸೆಯೂ ಇಲ್ಲ. ಅಲ್ಲಿ ಒಂದೊಂದು ಮಷೀನಿಗೂ ಬೇರೆ ಫೈಲ್ ಕೊಟ್ಟು, ಆಮೇಲೆ ಸೇರಿಸಿಕೊಳ್ಳಿ.